ಕೋಟೆ, ಅರಮನೆ, ತೋಟ: ನೋಡಲು ಬಂದವರಿಗೆ ಹೇಳುವವರು ಬೇಕು

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಕೋಟೆ, ಅರಮನೆ, ಉದ್ಯಾನಗಳ ಮುಂದೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತವೆ. ಕೊಪ್ಪಳದಿಂದಲೋ ಹಾವೇರಿಯಿಂದಲೋ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಮಕ್ಕಳು ನಿದ್ದೆಗಣ್ಣಿನಲ್ಲೇ ಸಾಲು ಹಿಡಿದು ಒಳಗೆ ಹೋಗಿ, ಕಂಬಗಳನ್ನು ಮುಟ್ಟಿ ನೋಡಿ, ಮೇಷ್ಟರ ಮೊಬೈಲಿಗೆ ಮುಖ ಕೊಟ್ಟು, ಕಾಲು ಗಂಟೆಯಲ್ಲಿ ಹೊರಬರುತ್ತಾರೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತಳಾದ ನಾನು ಚಾಮರಾಜಪೇಟೆಯ ನಿವಾಸಿ. ಕೋಟೆ ನನ್ನ ಮನೆಯಿಂದ ನಡೆದುಹೋಗುವಷ್ಟು ಹತ್ತಿರ. ಈ ಮಕ್ಕಳನ್ನು ನೋಡುವಾಗಲೆಲ್ಲ ನನಗೆ ಅನ್ನಿಸುವುದನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಐತಿಹಾಸಿಕ ಕಟ್ಟಡಗಳಿಗೆ ಕಾನೂನಿನ ರಕ್ಷಣೆ ಇದೆ, ಕಾವಲುಗಾರರಿದ್ದಾರೆ, ನೋಡುವ ಜನಕ್ಕಂತೂ ಕೊರತೆಯೇ ಇಲ್ಲ. ಆದರೆ ಅವರ ಜೊತೆ ನಿಂತು, ಕಣ್ಣೆದುರಿನ ಗೋಡೆಗೂ ಪಕ್ಕದ ಬೀದಿಗೂ ಏನು ಸಂಬಂಧ, ಅರಮನೆಗೂ ತೋಟಕ್ಕೂ ಏನು ನಂಟು ಎಂದು ಕನ್ನಡದಲ್ಲಿ ತಿಳಿಸಿ ಹೇಳುವವರ ವ್ಯವಸ್ಥೆಯನ್ನು ನಾವು ಇನ್ನೂ ಮನಸ್ಸಿಟ್ಟು ಕಟ್ಟಿಲ್ಲ.

ಬೆಂಗಳೂರು ಕೋಟೆಯನ್ನೇ ತೆಗೆದುಕೊಳ್ಳಿ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಗದ್ದಲದ ನಡುವೆ ದೆಹಲಿ ಬಾಗಿಲು ಮತ್ತು ಅದರ ಅಕ್ಕಪಕ್ಕದ ಕೊತ್ತಲಗಳು ಮಾತ್ರ ಇಂದು ಉಳಿದಿವೆ. ಒಳಗೆ ಹೋದವರು ಎತ್ತರದ ಕಮಾನುಗಳನ್ನೂ ಮೊಳೆ ಹೊಡೆದ ಭಾರೀ ಕದಗಳನ್ನೂ ನೋಡಿ, ಗಣಪತಿಗೆ ಕೈಮುಗಿದು, 'ಇಷ್ಟೇನಾ ಕೋಟೆ?' ಎಂದು ಕೇಳುವುದು ಸಹಜ. ಇಷ್ಟೇ ಅಲ್ಲ ಎಂದು ಹೇಳಬೇಕಾದವರು ಅಲ್ಲಿರಬೇಕು. 1537ರಲ್ಲಿ ಹಿರಿಯ ಕೆಂಪೇಗೌಡರು ಕಟ್ಟಿಸಿದ ಮಣ್ಣಿನ ಕೋಟೆಯ ಒಳಗೆ ಚಿಕ್ಕಪೇಟೆ, ದೊಡ್ಡಪೇಟೆ, ಬಳೇಪೇಟೆ, ಅಕ್ಕಿಪೇಟೆಗಳು ಬೆಳೆದವು. ಊರು ಕೆಲಕಾಲ ಶಹಾಜಿಯ ಜಹಗೀರಾಗಿತ್ತು. ಆಮೇಲೆ ಅದನ್ನು ಪಡೆದ ಮೈಸೂರಿನ ಚಿಕ್ಕದೇವರಾಜ ಒಡೆಯರು ಪೇಟೆಯ ದಕ್ಷಿಣಕ್ಕೆ ಮೊಟ್ಟೆಯಾಕಾರದ ಇನ್ನೊಂದು ಕೋಟೆ ಕಟ್ಟಿಸಿದರು. 1761ರಲ್ಲಿ ಹೈದರ್ ಅಲಿ ಅದನ್ನು ಕಲ್ಲಿನಿಂದ ಬಲಪಡಿಸಿದ. ಇಂದು ನಮ್ಮ ಕಣ್ಣಿಗೆ ಕಾಣುವ ದೆಹಲಿ ಬಾಗಿಲು ಆ ಕಲ್ಲಿನ ಕೋಟೆಯದು. ಪೇಟೆಯ ಕೋಟೆ ಬೇರೆ, ಈ ಕೋಟೆ ಬೇರೆ ಎಂಬ ಈ ಸರಳ ಸಂಗತಿ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರಲ್ಲಿ ಎಷ್ಟೋ ಜನರಿಗೆ ತಿಳಿದಿಲ್ಲ. ಅದು ತಿಳಿಯದೆ ಬ್ರಿಟಿಷರಿಗೂ ಹೈದರನ ಮಗ ಟಿಪ್ಪುವಿಗೂ ನಡೆದ 1791ರ ಯುದ್ಧವೂ ಅರ್ಥವಾಗುವುದಿಲ್ಲ. ಆ ವರ್ಷ ಮಾರ್ಚ್ 7ರಂದು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆ ಹಿಡಿದದ್ದು ಪೇಟೆಯನ್ನು. ಕೋಟೆ ಕೈಗೆ ಸಿಗಲು ಮತ್ತೆ ಎರಡು ವಾರ ಬೇಕಾಯಿತು. ಫಿರಂಗಿಗಳಿಂದ ಗೋಡೆಯಲ್ಲಿ ಒಡಕು ಮಾಡಿ, 21ರ ರಾತ್ರಿ ಆ ಒಡಕಿನ ಮೂಲಕ ಸೈನಿಕರು ನುಗ್ಗಿದರು. ಕೋಟೆಯ ಹೊಣೆ ಹೊತ್ತಿದ್ದ ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಪ್ರಾಣ ಬಿಟ್ಟ. ದಾಳಿ ನಡೆದ ಜಾಗವನ್ನು ಸೂಚಿಸುವ ಕಲ್ಲಿನ ಫಲಕವೊಂದು ಕೋಟೆಯ ಗೋಡೆಯಲ್ಲಿ ಇಂದಿಗೂ ಇದೆ. ಗೆದ್ದವರು ತಮ್ಮ ಗೆಲುವನ್ನು ತಮ್ಮ ಭಾಷೆಯಲ್ಲಿ ಕೆತ್ತಿಸಿ ಹೋದರು. ಸೋತು ಸತ್ತವನ ಹೆಸರನ್ನು ಅದರ ಮುಂದೆ ನಿಂತು ಹೇಳುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.

ಆ ಯುದ್ಧದ ನಂತರ ಆರಂಭವಾದ ಕೋಟೆಯ ಕೆಡಹುವಿಕೆ ಇಪ್ಪತ್ತನೆಯ ಶತಮಾನದವರೆಗೂ ನಡೆಯಿತು. ಗೋಡೆಗಳಿದ್ದಲ್ಲಿ ರಸ್ತೆಗಳು ಬಂದವು. ಮದ್ದುಗುಂಡಿನ ಮನೆ, ಸಿಪಾಯಿಗಳ ವಸತಿ ಇದ್ದಲ್ಲಿ ಶಾಲೆ, ಕಾಲೇಜು, ಆಸ್ಪತ್ರೆಗಳು ಎದ್ದವು. ಆಸ್ಪತ್ರೆ, ಶಾಲೆಗಳು ಬಂದದ್ದಕ್ಕೆ ನಾನು ಕೊರಗುವವಳಲ್ಲ. ಹೋದ ಗೋಡೆ ಹೋಯಿತು. ಆದರೆ ಅದು ಎಲ್ಲಿ ಹಾದುಹೋಗಿತ್ತು ಎಂದು ಗುರುತು ಹಾಕುವುದು ಕಷ್ಟದ ಕೆಲಸವಲ್ಲ. ಬರ್ಲಿನ್ ನಗರದಲ್ಲಿ ಕೆಡವಿದ ಗೋಡೆಯ ಜಾಡನ್ನು ರಸ್ತೆಯ ಮೇಲೆಯೇ ಎರಡು ಸಾಲು ಕಲ್ಲು ಹಾಸಿ ತೋರಿಸಿದ್ದಾರೆ. ವಾಹನಗಳು ಅದರ ಮೇಲೆ ಓಡಾಡುತ್ತವೆ, ಯಾರಿಗೂ ತೊಂದರೆಯಿಲ್ಲ. ನಮ್ಮಲ್ಲಿ ಪಾದಚಾರಿ ಮಾರ್ಗಗಳನ್ನು ಹೇಗೂ ಮತ್ತೆ ಮತ್ತೆ ಅಗೆದು ಹೊಸದಾಗಿ ಹಾಸುತ್ತಲೇ ಇರುತ್ತಾರೆ. ಮುಂದಿನ ಸಲ ಹಾಸುವಾಗ ಕೋಟೆಯ ಅಂಚು ಹಾದುಹೋದ ಕಡೆಯಲ್ಲೆಲ್ಲ ಬೇರೆ ಬಣ್ಣದ ಒಂದು ಸಾಲು ಕಲ್ಲು ಕೂರಿಸಿದರೆ, ಮಾರುಕಟ್ಟೆಗೆ ಹೂವು ಕೊಳ್ಳಲು ಬಂದವರಿಗೂ ತಾವು ಕೋಟೆಯ ಒಳಗಿದ್ದೇವೋ ಹೊರಗಿದ್ದೇವೋ ತಿಳಿಯುತ್ತದೆ.

ದೆಹಲಿ ಬಾಗಿಲಿನಿಂದ ಹತ್ತು ನಿಮಿಷ ನಡೆದರೆ ಟಿಪ್ಪುವಿನ ಬೇಸಿಗೆ ಅರಮನೆ. ಅದು ಈ ಕೋಟೆಯ ಒಳಗೇ ಇದ್ದ ಅರಮನೆ. ಆದರೆ ಇಂದು ಎರಡಕ್ಕೂ ಸಂಬಂಧವೇ ಇಲ್ಲವೆಂಬಂತೆ ಜನ ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟು ಹೋಗುತ್ತಾರೆ. 1781ರಲ್ಲಿ ಹೈದರ್ ಕಟ್ಟಲು ಆರಂಭಿಸಿದ ಇದನ್ನು ಟಿಪ್ಪು 1791ರಲ್ಲಿ ಪೂರ್ಣಗೊಳಿಸಿದ. ಕೋಟೆ ಬಿದ್ದದ್ದೂ ಅರಮನೆ ಮುಗಿದದ್ದೂ ಒಂದೇ ವರ್ಷದಲ್ಲಿ ಎಂಬುದನ್ನು ಮಕ್ಕಳ ಮುಂದಿಟ್ಟು ನೋಡಿ, ಎಂಥ ಪ್ರಶ್ನೆಗಳು ಬರುತ್ತವೆಂದು. ಕಲ್ಲಿನ ಪೀಠಗಳ ಮೇಲೆ ನಿಂತ ತೇಗದ ಕಂಬಗಳು, ಅವುಗಳ ನಡುವಿನ ಕಮಾನುಗಳು, ಮಹಡಿಯ ಪೂರ್ವ ಪಶ್ಚಿಮಗಳಲ್ಲಿ ಟಿಪ್ಪು ದರ್ಬಾರು ನಡೆಸುತ್ತಿದ್ದ ಮುಂಚಾಚುಗಳು, ಮೂಲೆಗಳಲ್ಲಿ ಸಣ್ಣ ಕೋಣೆಗಳು, ಗೋಡೆ ಮತ್ತು ಮಾಳಿಗೆಯ ಮೇಲೆ ಮಾಸಿದ ಹೂಬಳ್ಳಿಯ ಚಿತ್ತಾರ ಇವೆಲ್ಲ ಇಂದಿಗೂ ಕಾಣಸಿಗುತ್ತವೆ. 'ಸ್ವರ್ಗವೂ ಅಸೂಯೆಪಡುವಂಥದ್ದು' ಎಂಬ ಅರ್ಥದ ಬರಹವೂ ಇಲ್ಲಿದೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಈ ಕಟ್ಟಡ ಬ್ರಿಟಿಷರ ಆಡಳಿತ ಕಚೇರಿಯಾಗಿ, 1868ರಲ್ಲಿ ಕಚೇರಿಗಳು ಅಠಾರಾ ಕಚೇರಿಗೆ ಹೋಗುವವರೆಗೂ ಹಾಗೆಯೇ ಇತ್ತು. ಅಂದರೆ ಇಂದು ಹೈಕೋರ್ಟ್ ಇರುವ ಕೆಂಪು ಕಟ್ಟಡಕ್ಕೆ ಮೊದಲು ಮೈಸೂರು ಸೀಮೆಯ ಕಡತಗಳು ಓಡಾಡುತ್ತಿದ್ದುದು ಈ ಮರದ ಕಂಬಗಳ ನಡುವೆ. ಪಕ್ಕದಲ್ಲೇ 1689ರಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿಸಿದ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನವಿದೆ. ಯುದ್ಧಕಾಲದಲ್ಲಿ ದೇವಸ್ಥಾನದ ಮುಂದಿನ ಕಂಬ ಫಿರಂಗಿಯ ಗುಂಡಿಗೆ ಅಡ್ಡವಾಗಿ ಅರಮನೆಯನ್ನು ಕಾಪಾಡಿತು ಎಂದು ಐತಿಹ್ಯ. ಐತಿಹ್ಯವನ್ನು ಐತಿಹ್ಯವೆಂದೇ ಹೇಳಿದರೂ ಅದಕ್ಕೊಂದು ಬೆಲೆ ಇದೆ. ಒಂದೇ ಅಂಗಳದಲ್ಲಿ ದೇವಸ್ಥಾನವೂ ಅರಮನೆಯೂ ಹೇಗೆ ಬಾಳಿದವೆಂಬುದನ್ನು ಅದು ನೆನಪಿಗೆ ತರುತ್ತದೆ.

ಟಿಪ್ಪುವಿನ ಬಗ್ಗೆ ನಮ್ಮ ನಾಡಿನಲ್ಲಿ ಕಟುವಾದ ಭಿನ್ನಾಭಿಪ್ರಾಯಗಳಿವೆ ಎಂಬುದನ್ನು ನಾನು ಮರೆತಿಲ್ಲ. ಆ ಕಾರಣಕ್ಕೇ ಅಲ್ಲಿ ಯಾರೂ ಏನೂ ಹೇಳದಿರುವುದು ಒಳ್ಳೆಯದೆಂದು ಕೆಲವರು ಭಾವಿಸುವುದೂ ಉಂಟು. ನಾನು ಇದನ್ನು ಒಪ್ಪುವುದಿಲ್ಲ. ತರಗತಿಯಲ್ಲಿ ನಾವು ಮೇಷ್ಟರುಗಳು ಮಾಡುತ್ತಿದ್ದುದು ಇದನ್ನೇ: ದಾಖಲೆಯಲ್ಲಿ ಇರುವುದನ್ನು ಹೇಳುವುದು, ಕೊಡಗಿನವರು ಏನು ನೆನಪಿಟ್ಟುಕೊಂಡಿದ್ದಾರೆ, ಮಂಗಳೂರಿನವರು ಏನು ನೆನಪಿಟ್ಟುಕೊಂಡಿದ್ದಾರೆ, ಶ್ರೀರಂಗಪಟ್ಟಣದವರು ಏನು ಹೇಳುತ್ತಾರೆ ಎಂಬುದನ್ನೂ ಮುಚ್ಚಿಡದೆ ಹೇಳುವುದು. ಹೇಳುವವರೇ ಇಲ್ಲದ ಕಡೆ ಮೊಬೈಲಿನಲ್ಲಿ ಹರಿದಾಡುವ ಅರೆಬರೆ ಸಂಗತಿಗಳೇ ಇತಿಹಾಸವಾಗುತ್ತವೆ.

ಇನ್ನು ತೋಟದ ಮಾತು. ಅರಮನೆಯ ಮುಂದೆ ಈಗ ಹುಲ್ಲುಹಾಸಿನ ಚೊಕ್ಕವಾದ ಉದ್ಯಾನವಿದೆ, ಅದನ್ನು ತೋಟಗಾರಿಕೆ ಇಲಾಖೆ ನೋಡಿಕೊಳ್ಳುತ್ತಿದೆ. ಆದರೆ ಆ ಹುಲ್ಲುಹಾಸಿಗೂ ಆ ಅರಮನೆಗೂ ಯಾವ ಸಂಬಂಧವೂ ಕಾಣುವುದಿಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನಲ್ಲಿ ಹೈದರ್ ಮತ್ತು ಟಿಪ್ಪು ಮಾಡಿಸಿದ್ದ ತೋಟಗಳನ್ನು ವಿವರವಾಗಿ ಬರೆದಿಟ್ಟಿದ್ದಾನೆ. ವಿಶಾಲವಾದ ತೋಟವನ್ನು ಚೌಕ ಚೌಕ ಮಡಿಗಳಾಗಿ ಪಾಲು ಮಾಡಿದ್ದರಂತೆ, ನಡುವಿನ ಕಾಲುದಾರಿಗಳ ಅಂಚಿಗೆ ಸೈಪ್ರಸ್ ಮರಗಳಿದ್ದವಂತೆ, ಒಂದೊಂದು ಮಡಿಗೆ ಒಂದೊಂದೇ ಜಾತಿಯ ಗಿಡ. ಒಂದರ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ. ಹುಲ್ಲುಹಾಸಿನ ಒಂದು ಭಾಗದಲ್ಲಾದರೂ ಅಂಥ ನಾಲ್ಕು ಚೌಕ ಮಡಿಗಳನ್ನು ಮಾಡಿ, ಗುಲಾಬಿ, ದಾಳಿಂಬೆಗಳನ್ನು ನೆಟ್ಟು, ಯಾಕೆ ನೆಟ್ಟಿದೆ ಎಂದು ಒಂದು ಸಣ್ಣ ಫಲಕದಲ್ಲಿ ಬರೆದರೆ ಸಾಕು, ಅರಮನೆಗೆ ಅದರ ಅಂಗಳ ಮರಳಿ ಸಿಕ್ಕಂತಾಗುತ್ತದೆ. ಈ ಕೆಲಸಕ್ಕೆ ಬೇಕಾದ ಜ್ಞಾನ ಲಾಲ್‌ಬಾಗಿನಲ್ಲೇ ಇದೆ. ಆ ಲಾಲ್‌ಬಾಗ್ ಕೂಡ ಇದೇ ಕಥೆಯ ಇನ್ನೊಂದು ಭಾಗ. 1760ರಲ್ಲಿ ಹೈದರ್ ಹಾಕಿಸಲು ಆರಂಭಿಸಿದ ತೋಟ ಅದು, ಟಿಪ್ಪು ಹೊರದೇಶಗಳಿಂದ ಬೀಜ, ಸಸಿಗಳನ್ನು ತರಿಸಿದ, ಮುಂದೆ ಬ್ರಿಟಿಷ್ ತೋಟಗಾರರ ಕೈಯಲ್ಲಿ ಸಸ್ಯೋದ್ಯಾನವಾಗಿ ಬೆಳೆಯಿತು. ಅಲ್ಲಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಇಟ್ಟ ರಾಜಕುಮಾರ ಆಲ್ಬರ್ಟ್ ವಿಕ್ಟರನ ಹೆಸರೇ ಟಿಪ್ಪು ಅರಮನೆಯ ಮುಂದಿನ ರಸ್ತೆಗೂ ಇತ್ತು. ಈಗ ಅದು ಆಲೂರು ವೆಂಕಟರಾವ್ ರಸ್ತೆ. ಕರ್ನಾಟಕ ಏಕೀಕರಣಕ್ಕೆ ದನಿ ಕೊಟ್ಟ ಹಿರಿಯರ ಹೆಸರಿನ ರಸ್ತೆಯಲ್ಲಿ ನಿಂತು ಈ ನಾಡಿನ ಕಥೆಯನ್ನು ಕನ್ನಡದಲ್ಲಿ ಕೇಳುವಂತಾಗಬೇಕೆಂದು ಬಯಸುವುದು ಅತಿಯಾಸೆಯೇನಲ್ಲ.

ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಅಲ್ಲಿನ ಹಳೆಯ ಕೋಟೆ, ಜಮೀನ್ದಾರಿ ಬಂಗಲೆಗಳನ್ನು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಅಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಕಟ್ಟಡಗಳ ವೈಭವಕ್ಕಿಂತ ಹೆಚ್ಚಾಗಿ ಅವುಗಳನ್ನು ತೋರಿಸುವ ರೀತಿ. 1895ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಅಲ್ಲಿ ಇಂಥ ನೂರಾರು ಮನೆ, ತೋಟಗಳನ್ನು ನಡೆಸುತ್ತದೆ. ಐವತ್ತು ಲಕ್ಷಕ್ಕೂ ಹೆಚ್ಚು ಸದಸ್ಯರ ವಂತಿಗೆ ಅದಕ್ಕೆ ಬೆನ್ನೆಲುಬು. ಹತ್ತಾರು ಸಾವಿರ ಸ್ವಯಂಸೇವಕರು ಅದರ ಕೈಕಾಲು. ಕೋಣೆಗೊಬ್ಬರಂತೆ ಕುಳಿತ ಹಿರಿಯರು, ಹೆಚ್ಚಿನವರು ನನ್ನಂತೆಯೇ ನಿವೃತ್ತರು, ಬಂದವರು ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಸುಮ್ಮನಿರುತ್ತಾರೆ. ತೋಟವನ್ನು ಅವರು ಮನೆಯಷ್ಟೇ ಗೌರವದಿಂದ ಕಾಣುತ್ತಾರೆ. ಹೈದರ್ ಲಾಲ್‌ಬಾಗ್ ಮಾಡಿಸುತ್ತಿದ್ದ ಅದೇ 1760ರ ದಶಕದಲ್ಲಿ ಬ್ಲೆನಿಮ್ ಅರಮನೆಯ ಮುಂದೆ 'ಕೇಪಬಿಲಿಟಿ' ಬ್ರೌನ್ ಎಂಬ ಪ್ರಸಿದ್ಧ ತೋಟಗಾರ ಹೊಳೆಗೆ ಅಡ್ಡಕಟ್ಟೆ ಕಟ್ಟಿ ದೊಡ್ಡ ಕೆರೆಯನ್ನೇ ನಿರ್ಮಿಸಿದ. ಇಂದಿಗೂ ಆ ಅರಮನೆಯನ್ನು ಕೆರೆಯಿಂದ ಬೇರ್ಪಡಿಸಿ ಯಾರೂ ತೋರಿಸುವುದಿಲ್ಲ.

ಆ ದೇಶದ ಕೋಟೆಗಳಲ್ಲಿ ನಮ್ಮ ಪಾಲೂ ಇದೆ ಎಂಬುದು ಹಲವರಿಗೆ ತಿಳಿದಿರಲಾರದು. ವೇಲ್ಸ್‌ನ ಪೊವಿಸ್ ಕೋಟೆ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತನ್ನ ತೋಟಕ್ಕೆ ಹೆಸರಾದದ್ದು. ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವನ ಮನೆತನಕ್ಕೆ ಆ ಕೋಟೆ ಸೇರಿತು. ಟಿಪ್ಪುವಿನ ಹೂಚಿತ್ತಾರದ ಹತ್ತಿ ಬಟ್ಟೆಯ ಡೇರೆಯೂ ಅವನ ಸಿಂಹಾಸನದಲ್ಲಿದ್ದ ಚಿನ್ನದ ಹುಲಿಮುಖವೊಂದೂ ಇಂದು ಅಲ್ಲಿವೆ. ಸಿಂಹಾಸನದ ಛತ್ರದ ಮೇಲಿದ್ದ ರತ್ನಖಚಿತ ಹುಮಾ ಪಕ್ಷಿ ವಿಂಡ್ಸರ್ ಕೋಟೆಯಲ್ಲಿದೆ. ಆ ವಸ್ತುಗಳು ಮರಳಿ ಬರಬೇಕೋ ಬೇಡವೋ ಎಂಬ ಚರ್ಚೆ ಈ ಪತ್ರದ ವ್ಯಾಪ್ತಿಗೆ ಸೇರಿದ್ದಲ್ಲ. ನನ್ನನ್ನು ಕಾಡುವ ಸಂಗತಿ ಇಷ್ಟು: ಇಲ್ಲಿಂದ ಹೋದ ಒಂದು ಡೇರೆಯ ಬಗ್ಗೆ ಅಲ್ಲಿ ಬಂದವರಿಗೆ ಹೇಳಲು ಸಿದ್ಧತೆ ಇದೆ, ಆ ಸಿಂಹಾಸನ ಹೇಗಿತ್ತೆಂದು ತೋರಿಸುವ ಚಿತ್ರವಿರುವ ನಮ್ಮದೇ ಬೇಸಿಗೆ ಅರಮನೆಯಲ್ಲಿ, ಹುಲಿಮುಖ ಎಲ್ಲಿದೆ, ಪಕ್ಷಿ ಎಲ್ಲಿದೆ ಎಂದು ಕೇಳುವ ಮಗುವಿಗೆ ಉತ್ತರ ಕೊಡುವವರಿಲ್ಲ.

ವಿಂಡ್ಸರ್ ಎಂದಾಗ ಬೆಂಗಳೂರು ಅರಮನೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ವಿಂಡ್ಸರ್ ಕೋಟೆಯ ಮಾದರಿಯದೆಂಬ ಒಂದೇ ವಾಕ್ಯ ಎಲ್ಲ ಕಡೆ ಕೇಳಿಬರುತ್ತದೆ. ವಿಂಡ್ಸರ್ ಹನ್ನೊಂದನೆಯ ಶತಮಾನದಲ್ಲಿ ಯುದ್ಧಕ್ಕೆಂದೇ ಆರಂಭವಾದ ಕೋಟೆ. ನಮ್ಮದು ಹತ್ತೊಂಬತ್ತನೆಯ ಶತಮಾನದ ವಾಸದ ಮನೆ. ಅದರ ಗೋಪುರಗಳು ಅಂದಕ್ಕೆ ಕಟ್ಟಿದವು. ಸೆಂಟ್ರಲ್ ಹೈಸ್ಕೂಲಿನ ಮೊದಲ ಪ್ರಾಂಶುಪಾಲ ಗ್ಯಾರೆಟ್ ಅವರ ಆಸ್ತಿಯಾಗಿದ್ದ ಇದನ್ನು 1873ರಲ್ಲಿ, ಇನ್ನೂ ಬಾಲಕರಾಗಿದ್ದ ಚಾಮರಾಜೇಂದ್ರ ಒಡೆಯರಿಗಾಗಿ ಅವರ ಪಾಲಕರು 40,000 ರೂಪಾಯಿಗೆ ಕೊಂಡರು. ರಾಜ್ಯ ಆಗ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು; 1881ರಲ್ಲಿ ಅದು ಮರಳಿ ಒಡೆಯರಿಗೆ ಬಂದಿತು. ಮುಂದೆ ರಾಜ್ಯವಾಳಬೇಕಾದ ಹುಡುಗನಿಗೆ ಬೆಂಗಳೂರಿನಲ್ಲೊಂದು ಮನೆ ಎಂಬ ಹಿನ್ನೆಲೆ ತಿಳಿದರೆ ಮಹಡಿಯ ದರ್ಬಾರ್ ಹಾಲ್ ಆಗಲಿ, ಬಣ್ಣದ ಗಾಜಿನ ಕಿಟಕಿಗಳಾಗಲಿ, ಕೆಳಗಿನ ಅಂಗಳದ ನೀಲಿ ಹೆಂಚು ಹೊದಿಸಿದ ಕಲ್ಲಿನ ಆಸನಗಳಾಗಲಿ ಬೇರೆಯೇ ರೀತಿಯಲ್ಲಿ ಕಾಣುತ್ತವೆ. ಅದರ ಸುತ್ತಲಿನ ತೋಟವನ್ನು ರೂಪಿಸಿದ ಜಾನ್ ಕ್ಯಾಮರಾನ್ ಅವರೇ ಲಾಲ್‌ಬಾಗಿನ ಗಾಜಿನ ಮನೆಯ ಕಾಲದ ಮೇಲ್ವಿಚಾರಕರು. ಈ ಒಂದು ಎಳೆ ಹಿಡಿದರೆ ಊರಿನ ಎರಡು ತುದಿಗಳ ಎರಡು ತೋಟಗಳು ಒಂದಾಗುತ್ತವೆ.

ದೇವನಹಳ್ಳಿಯ ಕೋಟೆಯೂ ನಂದಿಬೆಟ್ಟವೂ ಇದೇ ಮಾತಿಗೆ ಸೇರುತ್ತವೆ. ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ ದೇವನಹಳ್ಳಿ ಕೋಟೆಯೊಳಗೆ ಇಂದಿಗೂ ಜನ ಮನೆ ಮಾಡಿಕೊಂಡು ಬಾಳುತ್ತಿದ್ದಾರೆ. ಆ ಮನೆಗಳವರಿಗೇ ತರಬೇತಿ ಕೊಟ್ಟರೆ ಅವರಿಗಿಂತ ಚೆನ್ನಾಗಿ ತಮ್ಮ ಕೋಟೆಯನ್ನು ಯಾರು ತೋರಿಸಬಲ್ಲರು?

ಹಣ ಎಲ್ಲಿಂದ ಬರಬೇಕೆಂದು ಕೇಳುವವರಿಗೆ ನನ್ನ ಉತ್ತರ, ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ ಎಂಬುದು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಎಚ್ಚರಿಕೆಯನ್ನು ಬರೆದ ಫಲಕಗಳು ಎಲ್ಲ ಸಂರಕ್ಷಿತ ಸ್ಮಾರಕಗಳ ಮುಂದೆಯೂ ಇವೆ: ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ. ಎಚ್ಚರಿಕೆ ಇರಲೇಬೇಕು, ತೇಗದ ಕಂಬದ ಮೇಲೆ ಹೃದಯದ ಗುರುತು ಕೆತ್ತಿ ತಮ್ಮ ಹೆಸರು ಬರೆಯುವವರನ್ನು ಕಂಡು ನಾನೂ ನೊಂದಿದ್ದೇನೆ. ಆದರೆ ಆ ಕಂಬದ ಕಥೆ ಕೇಳಿದ ಮಗು ಅದರ ಮೇಲೆ ಮೊಳೆಯಿಂದ ಗೀಚಲು ಹಿಂಜರಿಯುತ್ತದೆ ಎಂಬುದು ನನ್ನ ಇಷ್ಟು ವರ್ಷಗಳ ಪಾಠದ ಅನುಭವ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕ ವಿಧಿಸುವುದಿಲ್ಲ. ಇದು ಮೆಚ್ಚಬೇಕಾದ ನೀತಿ. ಅದರ ಜೊತೆಗೆ ಶನಿವಾರ, ಭಾನುವಾರ ಮತ್ತು ಶಾಲಾ ಪ್ರವಾಸದ ತಿಂಗಳುಗಳಲ್ಲಿ ಮೆಟ್ರೋ ನಿಲ್ದಾಣದಿಂದ ಹೊರಟು ದೆಹಲಿ ಬಾಗಿಲು, ಒಡಕಿನ ಫಲಕ, ಬೇಸಿಗೆ ಅರಮನೆ, ವೆಂಕಟರಮಣಸ್ವಾಮಿ ದೇವಸ್ಥಾನಗಳನ್ನು ಒಂದೇ ನಡಿಗೆಯಲ್ಲಿ ತೋರಿಸುವ ಏರ್ಪಾಡಾಗಲಿ. ಹೇಳುವವರು ನಿವೃತ್ತ ಶಿಕ್ಷಕರಿರಬಹುದು, ಕಾಲೇಜಿನಲ್ಲಿ ಇತಿಹಾಸ ಓದುತ್ತಿರುವ ವಿದ್ಯಾರ್ಥಿಗಳಿರಬಹುದು, ಪೇಟೆಯ ಹಳೆಯ ಮನೆತನದವರಿರಬಹುದು. ಅವರಿಗೆ ಇಲಾಖೆಯ ತಜ್ಞರು ಕೆಲವು ದಿನಗಳ ತರಬೇತಿ ಕೊಟ್ಟು, ಏನು ದಾಖಲೆ, ಏನು ಐತಿಹ್ಯ ಎಂಬ ಗೆರೆಯನ್ನು ಸ್ಪಷ್ಟಪಡಿಸಿ, ಒಂದು ಗುರುತಿನ ಚೀಟಿ ಕೊಟ್ಟರೆ ಕೆಲಸ ಆರಂಭವಾಗುತ್ತದೆ. ತಮ್ಮ ಜೊತೆ ಒಬ್ಬರು ಹೇಳುವವರಿದ್ದರೆ ದೂರದಿಂದ ಬರುವ ಶಾಲೆಯವರು ಒಂದೇ ದಿನದಲ್ಲಿ ಹತ್ತು ಜಾಗ ಮುಟ್ಟಿಬರುವ ಅವಸರವನ್ನೂ ಸ್ವಲ್ಪ ಬಿಟ್ಟಾರು.

ನಮ್ಮ ಬಡಾವಣೆಯ ನಿವೃತ್ತ ಶಿಕ್ಷಕರಲ್ಲಿ ಹಲವರು ಸಂಬಳವಿಲ್ಲದೆ ಈ ಕೆಲಸಕ್ಕೆ ಬರಲು ಸಿದ್ಧರಿದ್ದಾರೆ, ನಾನೂ ಸಿದ್ಧ. ಸಂರಕ್ಷಿತ ಸ್ಮಾರಕದ ಒಳಗೆ ನಿಂತು ಜನರಿಗೆ ವಿವರಿಸಲು ಅನುಮತಿ ಬೇಕಾಗುವುದರಿಂದ, ಪುರಾತತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರು ವಲಯ, ರಾಜ್ಯದ ಪುರಾತತ್ವ ಮತ್ತು ತೋಟಗಾರಿಕೆ ಇಲಾಖೆಗಳು ಒಟ್ಟಿಗೆ ಕುಳಿತು, ಈ ಪ್ರವಾಸದ ಕಾಲ ಮುಗಿಯುವುದರೊಳಗೆ ಕೋಟೆಯೊಂದರಲ್ಲಾದರೂ ಇದನ್ನು ಪ್ರಯೋಗವಾಗಿ ಆರಂಭಿಸಬೇಕೆಂದು ಕೋರುತ್ತೇನೆ. ಯಾವ ಅಧಿಕಾರಿಗೆ, ಯಾವ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕೆಂದು ಇಲಾಖೆಯವರು ತಮ್ಮ ಪತ್ರಿಕೆಯ ಮೂಲಕವೇ ತಿಳಿಸಿದರೆ ನಮ್ಮಂಥವರಿಗೆ ಅನುಕೂಲವಾಗುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಶಿಕ್ಷಕಿ,
ಚಾಮರಾಜಪೇಟೆ, ಬೆಂಗಳೂರು